ಮೋಟ್ರು ಕಳಿಸೋ ಮೆಸೇಜು ಮತ್ತು ಲಾಗ್ ಲೆವೆಲ್

ನಾವೆಲ್ಲ ಕೋಡಿಂಗ್ ಕಲಿತಿದ್ದು ಪ್ರಿಂಟ್ ಹಾಕಿಕೊಂಡೇ. ಲೂಪ್ ಒಳಗೆ ಹೋಯ್ತಾ ಇಲ್ವಾ ಅಂತ ನೋಡೋಕೆ ಒಂದು "ಇಲ್ಲಿಗೆ ಬಂತು", ಫಂಕ್ಷನ್ ಮುಗಿದ ಮೇಲೆ "ಇಲ್ಲಿಗೂ ಬಂತು", ಸಹನೆ ಕೆಟ್ಟ ಮೇಲೆ "ಅಯ್ಯೋ ಬಂತಪ್ಪ". ಇಂಟರ್ನಲ್ಸ್ ಹಿಂದಿನ ರಾತ್ರಿ ಇವನ್ನೆಲ್ಲ ಹುಡುಕಿ ಹುಡುಕಿ ಕಾಮೆಂಟ್ ಮಾಡೋದು, ಬೆಳಿಗ್ಗೆ ಏನೋ ಕೆಟ್ಟರೆ ಮತ್ತೆ ಒಂದೊಂದಾಗಿ ಬಿಚ್ಚೋದು. ಪ್ರೋಗ್ರಾಂ ಓಡುವಾಗ ನಾವೇ ಸ್ಕ್ರೀನ್ ಮುಂದೆ ಕೂತಿದ್ದರೆ ಇದರಿಂದ ದೊಡ್ಡ ನಷ್ಟವೇನೂ ಇಲ್ಲ. ಯಾವ ಸಾಲು ಮುಖ್ಯ, ಯಾವುದು ಸುಮ್ಮನೆ ಅಂತ ನಮ್ಮ ತಲೆಗೇ ಗೊತ್ತಿರುತ್ತೆ.

ಅದೇ ಪ್ರೋಗ್ರಾಂ ರಾತ್ರಿ ಎರಡು ಗಂಟೆಗೆ, ಯಾರೂ ಇಲ್ಲದ ಕಡೆ, ತಿಂಗಳುಗಟ್ಟಲೆ ಓಡಬೇಕು ಅಂದ್ರೆ ಲೆಕ್ಕ ಬದಲಾಗುತ್ತೆ. ಸಾವಿರಾರು ಸಾಲು ಬರೆದಿಡುತ್ತೆ. ಅದರಲ್ಲಿ ಯಾವುದಕ್ಕೆ ಒಬ್ಬ ಮನುಷ್ಯನನ್ನ ನಿದ್ದೆಯಿಂದ ಎಬ್ಬಿಸಬೇಕು, ಯಾವುದನ್ನ ಸುಮ್ಮನೆ ಫೈಲಿಗೆ ಹಾಕಿ ಮರೆತುಬಿಡಬಹುದು? ಪ್ರತಿ ಮೆಸೇಜಿಗೂ ತೀವ್ರತೆಯ ಒಂದು ಮಟ್ಟ, ಅಂದ್ರೆ ಲೆವೆಲ್, ಅಂಟಿಸೋದು ಈ ಪ್ರಶ್ನೆಗೋಸ್ಕರ. ಸಿಲಬಸ್‌ನಲ್ಲಿ ಇದಕ್ಕೆ ಅರ್ಧ ಪುಟವೂ ಸಿಗಲ್ಲ. ಇಂಟರ್ನ್‌ಶಿಪ್‌ಗೆ ಹೋದ ಮೊದಲ ವಾರವೇ ಎದುರಾಗುತ್ತೆ.

ವಿಷಯ ಹಳೆಯದು. 1980ರ ದಶಕದಲ್ಲಿ ಬರ್ಕ್ಲಿಯ ಎರಿಕ್ ಆಲ್ಮನ್ ಸೆಂಡ್‌ಮೇಲ್ ಅನ್ನೋ ಇಮೇಲ್ ಪ್ರೋಗ್ರಾಂ ಜೊತೆಗೆ ಸಿಸ್‌ಲಾಗ್ ಅಂತ ಒಂದು ಮಾಡಿದರು. ಯೂನಿಕ್ಸ್ ಲೋಕ ಪೂರ್ತಿ ಅದನ್ನೇ ಹಿಡಿಯಿತು. 2009ರ ಆರ್‌ಎಫ್‌ಸಿ 5424 ಅದರ ಈಗಿನ ರೂಪವನ್ನ ಬರೆದಿಟ್ಟಿದೆ. ಅದರಲ್ಲಿ 0ಯಿಂದ 7ರವರೆಗೆ ಎಂಟು ಮಟ್ಟ: ಎಮರ್ಜೆನ್ಸಿ, ಅಲರ್ಟ್, ಕ್ರಿಟಿಕಲ್, ಎರರ್, ವಾರ್ನಿಂಗ್, ನೋಟೀಸ್, ಇನ್ಫರ್ಮೇಶನಲ್, ಡೀಬಗ್. ಸಂಖ್ಯೆ ಚಿಕ್ಕದಾದಷ್ಟೂ ಅಪಾಯ ದೊಡ್ಡದು. ಪೈಥಾನ್‌ನಲ್ಲಿ ಇದು ಉಲ್ಟಾ: ಡೀಬಗ್ 10, ಇನ್ಫೊ 20, ವಾರ್ನಿಂಗ್ 30, ಎರರ್ 40, ಕ್ರಿಟಿಕಲ್ 50. ಎರಡೂ ಕಡೆ ಕೆಲಸ ಮಾಡೋರಿಗೆ ತಲೆ ತಿರುಗೋದು ಸಹಜ. ಹೆಸರು ನೆನಪಿಟ್ಟುಕೊಂಡರೆ ಸಾಕು, ಸಂಖ್ಯೆ ಲೈಬ್ರರಿಗೆ ಬಿಡಿ.

ಹೆಸರುಗಳನ್ನ ಯಾರು ಬೇಕಾದ್ರೂ ಬಾಯಿಪಾಠ ಮಾಡಬಹುದು. ಈ ಮೆಸೇಜಿಗೆ ಯಾವ ಹೆಸರು ಅಂತ ತೀರ್ಮಾನ ಮಾಡೋದೇ ಕಷ್ಟ. ಅದನ್ನ ನಾವು ಒಂದು ಬೋರ್‌ವೆಲ್ ಇಟ್ಟುಕೊಂಡು ವಿವರಿಸ್ತೀವಿ. ಈ ಸಲ ನಮ್ಮ ಕ್ಲಬ್ಬಿನ ಮೂರು ಜನ ಮಿನಿ ಪ್ರಾಜೆಕ್ಟ್ ಮಾಡಿದ್ದು ಅದರ ಮೇಲೇ.

ಊರು ನಂಗಲಿ ಹತ್ರ. ಮುಳಬಾಗಿಲು ತಾಲ್ಲೂಕಿನ ಪೂರ್ವದ ತುದಿ, ಬೆಂಗಳೂರಿಂದ ಹೋಗೋ ಹೆದ್ದಾರಿ ಆಂಧ್ರಕ್ಕೆ ದಾಟೋ ಜಾಗ. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲೂ ಇದು ಗಡಿಯೇ. ಶಾಸನಗಳು ಅವನ ರಾಜ್ಯದ ಮೂಡಣ ಎಲ್ಲೆ ಅಂತ ಹೇಳೋದು ನಂಗಲಿ ಘಟ್ಟವನ್ನ. ಈಗಿನವರಿಗೆ ನಂಗಲಿ ಅಂದ್ರೆ ಚೆಕ್‌ಪೋಸ್ಟು, ಲಾರಿ, ಟೊಮೆಟೊ. ವರ್ಷಪೂರ್ತಿ ಹರಿಯೋ ನದಿ ಕೋಲಾರ ಜಿಲ್ಲೆಗೆ ಇಲ್ಲ, ಹಾಗಾಗಿ ಟೊಮೆಟೊ ನಿಂತಿರೋದು ಬೋರ್‌ವೆಲ್ ಮೇಲೆ. ಸಾವಿರ ಅಡಿ ದಾಟಿದ ಬೋರು ಅಲ್ಲಿ ಯಾರಿಗೂ ಆಶ್ಚರ್ಯ ಅಲ್ಲ. ಅಷ್ಟು ಆಳದಲ್ಲಿರೋ ಮೋಟ್ರು ಸುಟ್ಟರೆ ಪೈಪು, ಕೇಬಲ್ಲು ಎಲ್ಲ ಮೇಲೆತ್ತೋಕೆ ಗಾಡಿ ಕರೆಸಬೇಕು, ರೀವೈಂಡಿಂಗ್ ಮಾಡಿಸಬೇಕು, ಅಷ್ಟು ದಿನ ಗಿಡಕ್ಕೆ ನೀರಿಲ್ಲ. ಕಾಯಿ ಕಟ್ಟೋ ಹೊತ್ತಲ್ಲಿ ಹೀಗಾದ್ರೆ ಆ ಸಲದ ಬೆಳೆ ಹೋದಂಗೇ.

ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ, ಅದೂ ಯಾವಾಗ ಬರುತ್ತೋ ನೆಚ್ಚಿಕೊಳ್ಳೋ ಹಾಗಿಲ್ಲ. ಅದಕ್ಕೇ ಸುಮಾರು ತೋಟಗಳಲ್ಲಿ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಇರುತ್ತೆ. ಕರೆಂಟು ಬಂದ ತಕ್ಷಣ ಮೋಟ್ರು ತಾನೇ ಶುರುವಾಗುತ್ತೆ, ಮಾಲೀಕರ ಫೋನಿಗೆ ಮೆಸೇಜು ಹೋಗುತ್ತೆ. ನಾವು ನೋಡಿದ ತೋಟದಲ್ಲೂ ಅಂಥದ್ದೇ ಒಂದು. ತೋಟದ ಅಣ್ಣ ಫೋನು ನಮ್ಮ ಕೈಗೆ ಕೊಟ್ಟು, "ನೀವೇ ನೋಡಿ, ಇದನ್ನ ಯಾರು ಓದ್ತಾರೆ?" ಅಂದ್ರು. ತ್ರೀ ಫೇಸ್ ಬಂತು. ಮೋಟ್ರು ಆನ್. ಮೂರೂ ಫೇಸಿನ ವೋಲ್ಟೇಜು. ಸಿಗ್ನಲ್ ಕಡಿಮೆ. ಮೋಟ್ರು ಆಫ್. ಡ್ರೈ ರನ್. ಮತ್ತೆ ಮೋಟ್ರು ಆನ್. ಮತ್ತೆ ವೋಲ್ಟೇಜು. ಎಲ್ಲ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಎಲ್ಲ ಒಂದೇ ನಂಬರಿಂದ, ಒಂದೇ ಟಿಂಗ್ ಸದ್ದು. ಗಡಿ ಊರಾದ್ದರಿಂದ ಸಿಮ್ ಕೆಲವೊಮ್ಮೆ ಆಂಧ್ರದ ಟವರ್ ಹಿಡಿದಾಗ ಅದಕ್ಕೂ ಒಂದು ಮೆಸೇಜು. ದಿನಕ್ಕೆ ಮೂವತ್ತು ದಾಟುತ್ತೆ. ಅಣ್ಣ ಮೊದಲ ವಾರ ಓದಿದ್ರಂತೆ, ಆಮೇಲೆ ಆ ನಂಬರನ್ನ ಮ್ಯೂಟ್ ಮಾಡಿಬಿಟ್ರಂತೆ.

ಆ ಬೇಸಿಗೆಯಲ್ಲಿ ಬೋರಿನ ನೀರು ಇಳಿಯಿತು. ನೀರು ಇಲ್ಲದೆ ಮೋಟ್ರು ಓಡೋದಕ್ಕೆ ಡ್ರೈ ರನ್ ಅಂತಾರೆ. ಸಬ್‌ಮರ್ಸಿಬಲ್ ಮೋಟ್ರು ತಣ್ಣಗಿರೋದೇ ಸುತ್ತಲಿನ ನೀರಿಂದ, ಹಾಗಾಗಿ ನೀರಿಲ್ಲದಿದ್ರೆ ಬಿಸಿಯಾಗುತ್ತೆ, ಬೇರಿಂಗ್ ತಿನ್ನುತ್ತೆ. ಸ್ಟಾರ್ಟರ್ ಅದನ್ನ ಕಂಡುಹಿಡಿದಿತ್ತು. ಎಳೆಯೋ ಕರೆಂಟು ಇಳಿದ ಕೂಡಲೇ ಮೋಟ್ರು ನಿಲ್ಲಿಸ್ತಿತ್ತು, ಮೆಸೇಜೂ ಕಳಿಸ್ತಿತ್ತು. ಆದರೆ ಆಟೋ ಮೋಡ್‌ನಲ್ಲಿ ಇದ್ದಿದ್ದರಿಂದ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು ಮಾಡ್ತಿತ್ತು. ಮತ್ತೆ ಡ್ರೈ ರನ್, ಮತ್ತೆ ಮೆಸೇಜು. ವಾರಗಟ್ಟಲೆ ಹೀಗೇ ನಡೆದು ಮೋಟ್ರು ಸುಟ್ಟಿತು. ಮೆಸೇಜು ಬಂದಿರಲಿಲ್ಲ ಅನ್ನೋ ಹಾಗಿಲ್ಲ. ಎಲ್ಲವೂ ಬಂದಿತ್ತು, ಮ್ಯೂಟ್ ಆದ ನಂಬರಿನ ಕೆಳಗೆ ಸಾಲಾಗಿ ಕೂತಿತ್ತು.

ಇದು ಬರೀ ತೋಟದ ಸಮಸ್ಯೆ ಅಂದ್ಕೋಬೇಡಿ. ಕಂಪ್ಯೂಟರ್ ಸೈನ್ಸ್‌ನವರು ಎಥಿಕ್ಸ್ ಕ್ಲಾಸಲ್ಲಿ ಥೆರಾಕ್-25 ಹೆಸರು ಕೇಳಿರಬಹುದು. ಕ್ಯಾನ್ಸರ್‌ಗೆ ವಿಕಿರಣ ಕೊಡೋ ಯಂತ್ರ ಅದು. 1985ರಿಂದ 1987ರ ನಡುವೆ ಅಮೆರಿಕ, ಕೆನಡಾದಲ್ಲಿ ಆರು ರೋಗಿಗಳಿಗೆ ಮಿತಿ ಮೀರಿ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಸಾಫ್ಟ್‌ವೇರಿನಲ್ಲಿ ತಪ್ಪಿತ್ತು ಅನ್ನೋ ಕತೆ ಎಲ್ಲರೂ ಹೇಳ್ತಾರೆ, ಮೆಸೇಜಿನ ಕತೆ ಅಷ್ಟು ಹೇಳಲ್ಲ. ಏನಾದ್ರೂ ಕೆಟ್ಟಾಗ ಆ ಯಂತ್ರದ ಪರದೆ ಮೇಲೆ "ಮಾಲ್‌ಫಂಕ್ಷನ್" ಅಂತ ಒಂದು ಪದ, ಪಕ್ಕದಲ್ಲಿ ಒಂದು ಸಂಖ್ಯೆ. ಸಣ್ಣ ತೊಂದರೆಗೂ ಅದೇ ಪದ, ಪ್ರಾಣಕ್ಕೆ ಕುತ್ತು ಬರೋದಕ್ಕೂ ಅದೇ ಪದ. ಕೆಲವು ದಿನ ಇಂಥವು ನಲವತ್ತರವರೆಗೂ ಬರ್ತಿದ್ವು ಅಂತ ಅದನ್ನ ನಡೆಸ್ತಿದ್ದ ಒಬ್ಬರು ಹೇಳಿದ್ದು ದಾಖಲಾಗಿದೆ. ಯಂತ್ರಕ್ಕೆ ಎರಡು ತರಹ ನಿಲ್ಲೋದು ಗೊತ್ತಿತ್ತು. ಒಂದು, ಪೂರ್ತಿ ನಿಂತು ಎಲ್ಲವನ್ನೂ ಮೊದಲಿಂದ ತುಂಬಿಸಬೇಕಾದದ್ದು. ಇನ್ನೊಂದು, ಬರೀ "ವಿರಾಮ", ಪಿ ಕೀ ಒತ್ತಿದ್ರೆ ಮುಂದುವರಿಯುತ್ತೆ. 1986ರಲ್ಲಿ ಟೆಕ್ಸಾಸ್‌ನ ಟೈಲರ್ ಊರಿನಲ್ಲಿ ಬಂದ ಮಾಲ್‌ಫಂಕ್ಷನ್ 54 ಅನ್ನ ಬರೆದವರು ಈ ಹಗುರದ ಗುಂಪಿಗೆ ಹಾಕಿದ್ದರು. ಯಂತ್ರ ನಡೆಸ್ತಿದ್ದವರು ಅಭ್ಯಾಸದಂತೆ ಪಿ ಒತ್ತಿದರು. ಅವರನ್ನ ಬೈಯೋದು ಸುಲಭ. ನಮಗೆ ಅನ್ನಿಸೋದು, ಆ ಲೆವೆಲ್ ತೀರ್ಮಾನ ಮಾಡಿದ ಮೇಜಿನಲ್ಲೇ ಅರ್ಧ ಅನಾಹುತ ಆಗಿಹೋಗಿತ್ತು.

ಹಾಗಾದ್ರೆ ಲೆವೆಲ್ ತೀರ್ಮಾನ ಮಾಡೋದು ಹೇಗೆ? "ಇದು ಎಷ್ಟು ಕೆಟ್ಟ ವಿಷಯ?" ಅಂತ ಕೇಳಿಕೊಂಡ್ರೆ ಜಗಳ ಮುಗಿಯಲ್ಲ, ಕೋಡ್ ಬರೆದವನಿಗೆ ತನ್ನ ಎಕ್ಸೆಪ್ಷನ್ ಎಲ್ಲಾ ಪ್ರಳಯವೇ. "ಇದನ್ನ ಓದಿದವರು ಏನು ಮಾಡಬೇಕು, ಯಾವಾಗ ಮಾಡಬೇಕು?" ಅಂತ ಕೇಳಿ, ಉತ್ತರ ಬೇಗ ಸಿಗುತ್ತೆ. ಹವಾಮಾನ ಇಲಾಖೆಯ ಬಣ್ಣಗಳು ಇದಕ್ಕೆ ಒಳ್ಳೆ ಉದಾಹರಣೆ. ಹಳದಿ ಅಂದ್ರೆ ಗಮನದಲ್ಲಿಡಿ, ಕಿತ್ತಳೆ ಅಂದ್ರೆ ತಯಾರಾಗಿರಿ, ಕೆಂಪು ಅಂದ್ರೆ ಕ್ರಮ ತಗೊಳ್ಳಿ. ಬಣ್ಣ ಬರೀ ಮಳೆಯ ಅಳತೆ ಅಲ್ಲ, ಏನು ಮಾಡಬೇಕು ಅನ್ನೋದನ್ನೂ ಹೇಳುತ್ತೆ. (ನಮ್ಮಲ್ಲಿ ರೆಡ್ ಅಲರ್ಟ್ ಅಂದ್ರೆ ಡಿಸಿ ರಜೆ ಕೊಡ್ತಾರಾ ಅಂತ ಗ್ರೂಪಲ್ಲಿ ಕೇಳೋದು. ಅದೂ ಒಂದು ಕ್ರಮವೇ.)

ಈ ಪ್ರಶ್ನೆ ಹಿಡಿದುಕೊಂಡು ನಮ್ಮವರು ಬೋರ್‌ವೆಲ್ಲಿನ ಘಟನೆಗಳನ್ನ ಒಂದೊಂದಾಗಿ ವಿಂಗಡಿಸಿದ್ರು.

ಐದು ಸೆಕೆಂಡಿಗೊಮ್ಮೆ ಓದೋ ವೋಲ್ಟೇಜು, ಕರೆಂಟಿನ ಅಂಕಿ ಡೀಬಗ್. ತೋಟದವರಿಗೆ ಅದು ಬೇಡ. ನಾಳೆ ಸೆನ್ಸರ್ ತಪ್ಪು ಓದ್ತಿದೆಯಾ ಅಂತ ನೋಡೋಕೆ ನಮಗೆ ಮಾತ್ರ ಬೇಕು. ತ್ರೀ ಫೇಸ್ ಬಂತು, ಮೋಟ್ರು ಶುರುವಾಯ್ತು, ಟವರ್ ಬದಲಾಯ್ತು, ಇವು ಇನ್ಫೊ: ಎಲ್ಲ ಸರಿಯಾಗೇ ನಡೀತಿದೆ, ಕತೆ ಮಾತ್ರ ಬರೆದಿಡು. ಸಿಗ್ನಲ್ ಕಡಿಮೆ, ವೋಲ್ಟೇಜು ತುಸು ಇಳಿದಿದೆ, ಇವು ವಾರ್ನಿಂಗ್: ಕೆಲಸ ನಡೀತಿದೆ, ಆದರೆ ಬಿಡುವಾದಾಗ ಒಮ್ಮೆ ನೋಡು. ಮೋಟ್ರು ಆನ್ ಮಾಡು ಅಂತ ಹೇಳಿದ್ರೂ ಕರೆಂಟು ಎಳೀತಿಲ್ಲ ಅಂದ್ರೆ ಎರರ್: ಕೇಳಿದ ಕೆಲಸ ಆಗಲಿಲ್ಲ, ಇವತ್ತೇ ಯಾರಾದ್ರೂ ನೋಡಬೇಕು. ಮೋಟ್ರು ಆಫ್ ಮಾಡಿದ್ರೂ ಕರೆಂಟು ಹರೀತಾನೇ ಇದೆ ಅಂದ್ರೆ ಸ್ಟಾರ್ಟರಿನ ಕಾಂಟ್ಯಾಕ್ಟರ್ ಅಂಟಿಕೊಂಡಿದೆ ಅಂತ ಅರ್ಥ. ಇದು ಕ್ರಿಟಿಕಲ್. ಪ್ರೋಗ್ರಾಂ ಕೈಲಿ ಇನ್ನೇನೂ ಇಲ್ಲ, ಈಗಲೇ ಹೋಗಿ ಫ್ಯೂಸ್ ತೆಗೀಬೇಕು.

ಇಷ್ಟು ಸಲೀಸಾಗಿ ಎಲ್ಲ ಕೂರಲಿಲ್ಲ. ಸಿಂಗಲ್ ಫೇಸ್ ವಿಷಯ ತಗೊಳ್ಳಿ. ಪಠ್ಯಪುಸ್ತಕ ಓದಿದವರು ಒಂದು ಫೇಸ್ ಹೋಗೋದು ದೊಡ್ಡ ಫಾಲ್ಟ್ ಅಂತಾರೆ, ಯಾಕಂದ್ರೆ ಓಡ್ತಿರೋ ಮೋಟ್ರು ಉಳಿದ ಫೇಸ್‌ಗಳಿಂದ ಜಾಸ್ತಿ ಕರೆಂಟು ಎಳೆದು ಸುಡುತ್ತೆ. ಆದರೆ ಹಳ್ಳಿಗಳಲ್ಲಿ ಮನೆ ದೀಪಕ್ಕೆ ಅಂತ ಬೇಕಂತಲೇ ಸಿಂಗಲ್ ಫೇಸ್ ಕೊಡೋ ಹೊತ್ತು ಇರುತ್ತೆ. ಆಗ ಮೋಟ್ರು ನಿಂತೇ ಇರುತ್ತೆ, ಅದು ದಿನದ ಮಾಮೂಲು. ಅದಕ್ಕೆ ಎರರ್ ಹಾಕಿದ್ರೆ ದಿನಾ ರಾತ್ರಿ ಸುಳ್ಳು ಗಾಬರಿ. ಕೊನೆಗೆ ಒಂದೇ ಘಟನೆಗೆ ಎರಡು ಲೆವೆಲ್ ಆಯ್ತು: ಮೋಟ್ರು ನಿಂತಿದ್ದಾಗ ಇನ್ಫೊ, ಓಡ್ತಿದ್ದಾಗ ಫೇಸ್ ಹೋಗಿ ಸ್ಟಾರ್ಟರ್ ನಿಲ್ಲಿಸಿದ್ರೆ ವಾರ್ನಿಂಗ್.

ಡ್ರೈ ರನ್ನೂ ಹಾಗೇ. ಒಮ್ಮೆ ಆದ್ರೆ ವಾರ್ನಿಂಗ್. ಬೋರಲ್ಲಿ ನೀರು ಊರೋಕೆ ಸ್ವಲ್ಪ ಹೊತ್ತು ಬೇಕಿರಬಹುದು, ಕಾದು ಮತ್ತೆ ಶುರು ಮಾಡಿದ್ರೆ ಸರಿ ಹೋಗಬಹುದು. ಒಂದೇ ಸರದಿ ಕರೆಂಟಿನಲ್ಲಿ ಮೂರನೇ ಸಲ ಆದ್ರೆ ಕ್ರಿಟಿಕಲ್, ಮನುಷ್ಯ ಬರೋವರೆಗೂ ಮೋಟ್ರು ಮುಟ್ಟಲ್ಲ. ಸರ್ವರ್ ಬರೆಯೋರಿಗೂ ಇದೇ ಲೆಕ್ಕ. ಡೇಟಾಬೇಸ್ ಒಮ್ಮೆ ಸಿಗಲಿಲ್ಲ, ಮರುಪ್ರಯತ್ನದಲ್ಲಿ ಸಿಕ್ಕಿತು ಅಂದ್ರೆ ವಾರ್ನಿಂಗ್. ಎಲ್ಲ ಪ್ರಯತ್ನ ಮುಗಿದು ಬಳಕೆದಾರನ ಕೆಲಸ ಆಗಲಿಲ್ಲ ಅಂದ್ರೆ ಎರರ್. ಬಳಕೆದಾರ ಪಾಸ್‌ವರ್ಡ್ ತಪ್ಪು ಹೊಡೆದಿದ್ದಕ್ಕೆ ಎರರ್ ಹಾಕೋರನ್ನ ನಾವು ನೋಡಿದ್ದೀವಿ. ತಪ್ಪು ಪಾಸ್‌ವರ್ಡ್ ಅನ್ನ ಪ್ರೋಗ್ರಾಂ ಸರಿಯಾಗೇ ತಿರಸ್ಕರಿಸಿತಲ್ಲ, ಅದರ ಕೆಲಸ ಅದು ಮಾಡಿದೆ. ಅಲ್ಲಿ ಇನ್ಫೊ ಸಾಕು.

ಲೆವೆಲ್ ಅಂಟಿಸಿದ ಮೇಲೆ ಸೋಸೋದು ಸುಲಭ. ಪ್ರೋಗ್ರಾಮಿಗೆ ಒಂದು ಮಿತಿ ಹೇಳಿದ್ರೆ ಅದಕ್ಕಿಂತ ಹಗುರದ್ದೆಲ್ಲ ಬಿದ್ದುಹೋಗುತ್ತೆ. ನಂಗಲಿ ಚೆಕ್‌ಪೋಸ್ಟ್ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮಾಮೂಲು ದಿನ ಬೈಕು, ಕಾರು ಸೀದಾ ಹೋಗ್ತವೆ, ಲಾರಿಗೆ ತಪಾಸಣೆ. 2020ರ ಲಾಕ್‌ಡೌನಲ್ಲಿ ಅದೇ ಗಡಿಯಲ್ಲಿ ಬೈಕನ್ನೂ ನಿಲ್ಲಿಸಿ ಕೇಳ್ತಿದ್ರು. ರಸ್ತೆ ಅದೇ, ಗಾಡಿಗಳು ಅವೇ, ಯಾವುದನ್ನ ನಿಲ್ಲಿಸಬೇಕು ಅನ್ನೋ ಆದೇಶ ಮಾತ್ರ ಬೇರೆ. ಲಾಗಿಂಗ್‌ನಲ್ಲೂ ಕೋಡ್ ಮುಟ್ಟದೆ ಮಿತಿ ಒಂದನ್ನ ಬದಲಾಯಿಸ್ತೀವಿ. ಸಮಸ್ಯೆ ಹುಡುಕುವಾಗ ಡೀಬಗ್‌ಗೆ ಇಳಿಸೋದು, ಸಿಕ್ಕ ಮೇಲೆ ಮತ್ತೆ ಏರಿಸೋದು. ಹಾಗಾಗಿ ಮಿತಿಯನ್ನ ಕೋಡೊಳಗೆ ಬರೀಬೇಡಿ, ಕಾನ್ಫಿಗ್ ಫೈಲಲ್ಲಿಡಿ.

ಪೈಥಾನ್‌ನಲ್ಲಿ ಮಿತಿ ಏನೂ ಹೇಳದಿದ್ರೆ ಅದು ವಾರ್ನಿಂಗ್ ಆಗಿರುತ್ತೆ. "ಇನ್ಫೊ ಬರೆದ್ರೂ ಸ್ಕ್ರೀನ್ ಮೇಲೆ ಏನೂ ಬರ್ತಿಲ್ಲ" ಅಂತ ಜೂನಿಯರ್ಸ್ ಒದ್ದಾಡೋದು ಇದಕ್ಕೇ. ಮೊದಲಿಗೆ ಬೇಸಿಕ್ ಕಾನ್ಫಿಗ್ ಕರೆದು ಮಿತಿ ಹೇಳಿ. ಇನ್ನೂ ಉಪಯೋಗಕ್ಕೆ ಬರೋದು ಹ್ಯಾಂಡ್ಲರ್. ಮೆಸೇಜು ಎಲ್ಲಿಗೆ ಹೋಗಬೇಕು ಅಂತ ಹೇಳೋ ಕೊಳಾಯಿ ಅದು, ಪ್ರತಿ ಕೊಳಾಯಿಗೂ ತನ್ನದೇ ಮಿತಿ ಇಡಬಹುದು. ನಮ್ಮ ಪ್ರಾಜೆಕ್ಟಲ್ಲಿ ಪ್ಯಾನೆಲ್ ಬೋರ್ಡಿನ ಮೆಮೊರಿ ಕಾರ್ಡಿಗೆ ಡೀಬಗ್‌ನಿಂದ ಹಿಡಿದು ಎಲ್ಲವೂ ಹೋಗುತ್ತೆ, ಎಸ್‌ಎಂಎಸ್‌ಗೆ ಎರರ್ ಮತ್ತು ಮೇಲಿನದು ಮಾತ್ರ, ಕ್ರಿಟಿಕಲ್ ಆದ್ರೆ ಮೆಸೇಜಿನ ಜೊತೆ ಫೋನ್ ಕಾಲು. ಫೈಲಿಗೆ ರೊಟೇಟಿಂಗ್ ಹ್ಯಾಂಡ್ಲರ್ ಹಾಕಿ, ಇಲ್ಲದಿದ್ರೆ ಡೀಬಗ್ ಸಾಲುಗಳೇ ಒಂದು ದಿನ ಕಾರ್ಡು ತುಂಬಿಸಿ ಬೇರೆ ತರಹದ ಎರರ್ ತರುತ್ತವೆ. ಎಕ್ಸೆಪ್ಷನ್ ಹಿಡಿಯೋ ಕಡೆ ಬರೀ ಎರರ್ ಬದಲು ಲಾಗರಿನ ಎಕ್ಸೆಪ್ಷನ್ ಫಂಕ್ಷನ್ ಕರೆದ್ರೆ ಲೆವೆಲ್ ಎರರ್ರೇ ಆಗಿರುತ್ತೆ, ಜೊತೆಗೆ ಪೂರ್ತಿ ಟ್ರೇಸ್‌ಬ್ಯಾಕ್ ಸಿಗುತ್ತೆ.

ಇಎಸ್‌ಪಿ32 ಥರದ ಚಿಪ್ಪಿನಲ್ಲಿ ಕೆಲಸ ಮಾಡೋರಿಗೆ ಇನ್ನೊಂದು ಅನುಕೂಲ. ಅದರ ಐಡಿಎಫ್‌ನಲ್ಲಿ ಎರರ್, ವಾರ್ನ್, ಇನ್ಫೊ, ಡೀಬಗ್, ವರ್ಬೋಸ್ ಅಂತ ಐದು ಲೆವೆಲ್, ಮಿತಿಯನ್ನ ಕಂಪೈಲ್ ಮಾಡುವಾಗಲೇ ಹೇಳಬಹುದು. ಆಗ ಕೆಳಗಿನ ಲೆವೆಲ್ಲಿನ ಸಾಲುಗಳು ಚಿಪ್ಪಿಗೆ ಹೋಗೋದೇ ಇಲ್ಲ, ಜಾಗ ಉಳಿಯುತ್ತೆ.

ಎಲ್ಲ ಸೇರಿಸಿ ತೋಟಕ್ಕೆ ತಗೊಂಡು ಹೋದಾಗ ಅಣ್ಣ ಎತ್ತಿದ ಪ್ರಶ್ನೆ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. "ಮೋಟ್ರು ಆನ್ ಆಗಿದ್ದು ನಂಗೆ ಗೊತ್ತಾಗಬೇಕಲ್ಲ. ರಾತ್ರಿ ಕರೆಂಟು ಬಂದ್ರೆ ಎದ್ದು ಹೋಗಿ ಗೇಟ್ ವಾಲ್ವ್ ತಿರುಗಿಸಬೇಕು, ಇಲ್ಲಾಂದ್ರೆ ನೀರೆಲ್ಲ ಒಂದೇ ಮಡಿಗೆ." ಇಲ್ಲಿ ಏನೂ ಕೆಟ್ಟಿಲ್ಲ. ಎರರ್ ಅಲ್ಲ, ವಾರ್ನಿಂಗೂ ಅಲ್ಲ. ಆದರೂ ಒಬ್ಬ ಮನುಷ್ಯ ಏಳಬೇಕು. ಇನ್ಫೊ ಎಲ್ಲವನ್ನೂ ಎಸ್‌ಎಂಎಸ್‌ಗೆ ಬಿಟ್ರೆ ಮತ್ತೆ ಮೂವತ್ತು ಟಿಂಗ್, ಮತ್ತೆ ಮ್ಯೂಟ್.

ಸಿಸ್‌ಲಾಗಿನ ಎಂಟರಲ್ಲಿ ನೋಟೀಸ್ ಯಾಕಿದೆ ಅಂತ ನಮಗೆ ಸರಿಯಾಗಿ ಅರ್ಥವಾಗಿದ್ದು ಆಗ. ಕೆಟ್ಟಿದ್ದೇನೂ ಇಲ್ಲ, ಆದರೆ ತಿಳಿದಿರಬೇಕಾದ ವಿಷಯ, ಅದಕ್ಕೇ ಆ ಮಟ್ಟ. ಪೈಥಾನ್‌ನಲ್ಲಿ ಅದು ಇಲ್ಲ, ಆದರೆ 20 ಮತ್ತು 30ರ ನಡುವೆ ಜಾಗ ಇದೆ, 25ಕ್ಕೆ ಹೆಸರು ಕೊಡಬಹುದು. ನಾಲ್ಕು ಜನ ಬಳಸೋ ಲೈಬ್ರರಿ ಬರೀತಿದ್ರೆ ಹೀಗೆ ಸ್ವಂತ ಲೆವೆಲ್ ಸೇರಿಸಬೇಡಿ, ಬೇರೆಯವರ ಲೆಕ್ಕದ ಜೊತೆ ಗೊಂದಲ ಆಗುತ್ತೆ. ನಿಮ್ಮದೇ ಪ್ರೋಗ್ರಾಮಿಗೆ ಅಡ್ಡಿಯಿಲ್ಲ. ಒಂದು ಸರದಿ ಕರೆಂಟಿನಲ್ಲಿ ಮೋಟ್ರು ಮೊದಲ ಸಲ ಆನ್ ಆದಾಗ ನೋಟೀಸ್, ಆಮೇಲಿನ ಆನ್ ಆಫ್ ಎಲ್ಲ ಇನ್ಫೊ ಅಂತಾಯ್ತು. ನೋಟೀಸ್ ಜೊತೆ ವಾರ್ನಿಂಗೂ ನುಗ್ಗದಿರಲಿ ಅಂತ ಎಸ್‌ಎಂಎಸ್ ಕೊಳಾಯಿಗೆ ಸಣ್ಣ ಫಿಲ್ಟರ್ ಒಂದು ಬೇಕಾಯ್ತು.

ಭಾಷೆಯ ಮಾತೂ ಬಂತು. ಆ ಮನೆಯಲ್ಲಿ ಮಾತು ತೆಲುಗು, ಓದೋದು ಕನ್ನಡ. ಸ್ಟಾರ್ಟರ್ ಕಳಿಸ್ತಿದ್ದ ಇಂಗ್ಲಿಷ್ ಯಾರಿಗೂ ಬೇಕಿರಲಿಲ್ಲ. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರ ಹಿಡಿದ್ರೆ ಕನ್ನಡಕ್ಕೆ ಯೂನಿಕೋಡ್ ಬೇಕಾಗೋದ್ರಿಂದ 70 ಮಾತ್ರ, ಅದರಲ್ಲಿ ಒತ್ತು, ಗುಣಿತದ ಚಿಹ್ನೆಗಳೂ ಲೆಕ್ಕಕ್ಕೆ. ಈ ಇಕ್ಕಟ್ಟಿನಿಂದ ಒಳ್ಳೆಯದೇ ಆಯ್ತು. "3 ಸಲ ನೀರಿಲ್ಲ. ಮೋಟ್ರು ನಿಲ್ಲಿಸಿದೆ. ಬಂದು ನೋಡಿ." ಏನಾಯ್ತು, ಪ್ರೋಗ್ರಾಂ ಏನು ಮಾಡಿತು, ಓದಿದವರು ಏನು ಮಾಡಬೇಕು, ಮೂರೂ ಇದರಲ್ಲಿವೆ. ನಿಮ್ಮ ಎರರ್ ಮೆಸೇಜುಗಳನ್ನೂ ಹೀಗೊಮ್ಮೆ ಬರೆದು ನೋಡಿ, "ಸಮ್‌ಥಿಂಗ್ ವೆಂಟ್ ರಾಂಗ್" ಅಂತ ಬರೆಯೋಕೆ ಕೈ ಬರಲ್ಲ.

ಒಂದು ಎಚ್ಚರಿಕೆ ಮಾತ್ರ ಬಾಕಿ. ಡೀಬಗ್ ತಾನೇ, ಯಾರು ನೋಡ್ತಾರೆ ಅಂತ ಪಾಸ್‌ವರ್ಡ್, ಓಟಿಪಿ, ಆಧಾರ್ ನಂಬರ್ ಎಲ್ಲ ಲಾಗಿಗೆ ಸುರಿಯಬೇಡಿ. ಲೆವೆಲ್ ಕೆಳಗಿದ್ದ ಮಾತ್ರಕ್ಕೆ ಫೈಲು ಗುಟ್ಟಾಗಿರಲ್ಲ. ಹೊರಗಿನವರು ಕಳಿಸಿದ ಪಠ್ಯವನ್ನ ಲಾಗ್ ಮಾಡುವಾಗಲೂ ಹುಷಾರು. 2021ರ ಡಿಸೆಂಬರ್‌ನಲ್ಲಿ ಹೊರಬಿದ್ದ ಲಾಗ್‌ಫೋರ್‌ಶೆಲ್ ದೋಷ ಇದ್ದದ್ದು ಜಾವಾದವರೆಲ್ಲ ನಂಬಿದ್ದ ಲಾಗ್‌ಫೋರ್‌ಜೆ ಲೈಬ್ರರಿಯಲ್ಲೇ. ಲಾಗ್ ಆಗೋ ಸಾಲಿನೊಳಗೆ ಒಂದು ವಿಶೇಷ ಪಠ್ಯ ತೂರಿಸಿದ್ರೆ ಸರ್ವರ್ ತಾನೇ ಹೋಗಿ ಹೊರಗಿನ ಕೋಡ್ ತಂದು ಓಡಿಸ್ತಿತ್ತು.

ತೋಟದ ಪ್ಯಾನೆಲ್ ಬೋರ್ಡಿನಲ್ಲಿ ಈಗ ಹಳೇ ಸ್ಟಾರ್ಟರ್ ಪಕ್ಕಕ್ಕೇ ನಮ್ಮದೂ ಕೂತಿದೆ, ಮೋಟ್ರು ಮುಟ್ಟದೆ ನೋಡೋದು, ಮೆಸೇಜು ಕಳಿಸೋದು ಮಾತ್ರ ಸದ್ಯದ ಕೆಲಸ. ಅಣ್ಣ ಆ ನಂಬರಿಗೆ ಬೇರೆ ರಿಂಗ್‌ಟೋನ್ ಇಟ್ಟುಕೊಂಡಿದ್ದಾರೆ. ಮಳೆ ಬಂದು ಬೋರಿನ ನೀರು ಏರಿದ ಮೇಲೆ ಮೂರು ಸಲದ ಲೆಕ್ಕ ನಾಲ್ಕಾಗಬೇಕೋ ಎರಡಾಗಬೇಕೋ ಅನ್ನೋ ವಾದ ನಮ್ಮ ಗ್ರೂಪಲ್ಲಿ ಇನ್ನೂ ನಡೀತಿದೆ. ಮೆಮೊರಿ ಕಾರ್ಡಿನ ಡೀಬಗ್ ಸಾಲುಗಳನ್ನ ತೆಗೆದು ನೋಡೋಕೆ ಮುಂದಿನ ತಿಂಗಳು ಮತ್ತೆ ನಂಗಲಿ ಬಸ್ಸು ಹತ್ತಬೇಕು.